1943ರ ಬೆಳಗಾವಿಯಲ್ಲಿ ಒಂದು ಕೊಲೆ, ಅದನ್ನು ಹುಡುಕುವ ಒಬ್ಬ ಫೌಜದಾರ

ಪ್ರಶ್ನೆ: ನಾನು ಬೈಲಹೊಂಗಲದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. 1943ರ ಜನವರಿಯ ಬೆಳಗಾವಿಯಲ್ಲಿ ನಡೆಯುವ ಪತ್ತೇದಾರಿ ಕಾದಂಬರಿಯೊಂದನ್ನು ಬರೆಯುತ್ತಿದ್ದೇನೆ. ರವಿವಾರ ಪೇಟೆಯ ಕಾಳಿನ ವ್ಯಾಪಾರಿಯೊಬ್ಬನ ಗುಮಾಸ್ತ ಅಂಗಡಿಯ ಹಿಂದಿನ ಗಲ್ಲಿಯಲ್ಲಿ ಸತ್ತು ಬಿದ್ದಿರುತ್ತಾನೆ. ಬೆಳಿಗ್ಗೆ ಏಳಕ್ಕೆ, ಎಳೆಬಿಸಿಲಿನಲ್ಲಿ, ಅವನನ್ನು ಜೀವಂತ ನೋಡಿದ್ದೆ ಎಂದು ಹಾಲು ಮಾರುವ ಅಜ್ಜಿ ಹೇಳುತ್ತಾಳೆ. ತನಿಖೆ ಮಾಡುವವನು ಒಬ್ಬ ಫೌಜದಾರ. ಮೂರು ಅಧ್ಯಾಯ ಬರೆದು ನಿಂತುಬಿಟ್ಟಿದ್ದೇನೆ. ನಮ್ಮೂರ ಮೇಲೆ ಒಂದು ಬಾಂಬೂ ಬೀಳಲಿಲ್ಲ, ಹಾಗಿರುವಾಗ ಯುದ್ಧವನ್ನು ಕಥೆಯೊಳಗೆ ತರುವುದು ಹೇಗೆ? ಲಕ್ಷಗಟ್ಟಲೆ ಜನ ಸಾಯುತ್ತಿದ್ದಾಗ ಒಬ್ಬ ಗುಮಾಸ್ತನ ಸಾವು ಯಾರಿಗೆ ಬೇಕು? ಇಂಗ್ಲಿಷರ ಪಗಾರ ತಿನ್ನುವ ಫೌಜದಾರನನ್ನು ಓದುಗರು ನಂಬುತ್ತಾರೆಯೇ? ಅವನನ್ನು ಒಳಗೊಳಗೇ ಚಳವಳಿಗಾರನನ್ನಾಗಿ ಮಾಡು ಎಂದು ಗೆಳತಿಯೊಬ್ಬಳು ಹೇಳುತ್ತಿದ್ದಾಳೆ.

ಉತ್ತರ: ಅಕ್ಕೋರೇ, ನಿಮ್ಮ ಹಾಲಿನ ಅಜ್ಜಿಯಿಂದಲೇ ಶುರು ಮಾಡುತ್ತೇನೆ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಅವಳ ಬಾಯಲ್ಲೇ ಇದೆ.

1943ರ ಜನವರಿಯಲ್ಲಿ ಬೆಳಗಾವಿಯಲ್ಲಿ ಬೆಳಿಗ್ಗೆ ಏಳಕ್ಕೆ ಎಳೆಬಿಸಿಲು ಇರುವುದು ಸಾಧ್ಯವಿರಲಿಲ್ಲ. ಯುದ್ಧದ ಕಾರಣಕ್ಕೆ 1942ರ ಸೆಪ್ಟೆಂಬರ್ 1ರಿಂದ ಇಡೀ ಹಿಂದುಸ್ತಾನದ ಗಡಿಯಾರಗಳನ್ನು ಒಂದು ತಾಸು ಮುಂದಕ್ಕೆ ತಿರುಗಿಸಿದ್ದರು. 1945ರ ಅಕ್ಟೋಬರ್ ಮಧ್ಯದವರೆಗೂ ಅದು ಹಾಗೆಯೇ ನಡೆಯಿತು. ನಮ್ಮ ಬೆಳಗಾವಿ ದೇಶದ ಪಶ್ಚಿಮ ಅಂಚಿನಲ್ಲಿದೆ. ಈಗಿನ ಗಡಿಯಾರದಲ್ಲೂ ಜನವರಿಯ ನಡುವೆ ಇಲ್ಲಿ ಸೂರ್ಯ ಮೂಡುವುದು ಏಳು ದಾಟಿದ ಮೇಲೆಯೇ. ಅದಕ್ಕೆ ಒಂದು ತಾಸು ಸೇರಿಸಿ ನೋಡಿ: ಅಂದಿನ ಸರಕಾರಿ ಗಡಿಯಾರದಲ್ಲಿ ಎಂಟು ಹೊಡೆದ ಮೇಲೆ ಬೆಳಗಾವಿಗೆ ಬಿಸಿಲು ಬಿದ್ದಿರಬೇಕು. ಗಡಿಯಾರ ಏಳು ತೋರಿಸುವಾಗ ಊರು ಕತ್ತಲಲ್ಲಿತ್ತು, ಕೋಳಿ ಕೂಗುವ ಹೊತ್ತು ಅದು.

ಇದನ್ನು ತಪ್ಪೆಂದು ತಿದ್ದಿ ಮುಂದೆ ಹೋಗಬೇಡಿ. ಇದೇ ನಿಮ್ಮ ಕಾದಂಬರಿಯ ಕೀಲಿಯಾಗಬಹುದು. ಅಜ್ಜಿಗೆ ಗಡಿಯಾರ ಗೊತ್ತಿಲ್ಲ. ಅವಳು ಹೇಳುವುದು "ಹೊತ್ತು ಮೂಡೂ ಮುಂದ ನೋಡೀನ್ರಿ" ಅಂತ. ಜಬಾಬು ಬರೆದುಕೊಳ್ಳುವ ಹವಾಲ್ದಾರ, ಹುಟ್ಟಿದಾಗಿನಿಂದ ಬಂದ ರೂಢಿಯಲ್ಲಿ, ಹೊತ್ತು ಮೂಡುವುದೆಂದರೆ ಏಳು ಗಂಟೆ ಎಂದು ಕಾಗದಕ್ಕೆ ಇಳಿಸುತ್ತಾನೆ. ಆದರೆ ಸ್ಟೇಶನ್ನಿನ ಗಡಿಯಾರ, ಕಚೇರಿಯ ಗಡಿಯಾರ, ಪಲಟಣದ ಗಡಿಯಾರ ಮೂರೂ ಹೊಸ ವೇಳೆಯಲ್ಲಿವೆ. ಏಳರಿಂದ ಎಂಟರವರೆಗೆ ಎಲ್ಲಿದ್ದೆ ಎನ್ನುವುದಕ್ಕೆ ಗಟ್ಟಿ ಸಾಕ್ಷಿ ಇಟ್ಟುಕೊಂಡ ಒಬ್ಬ ಮನುಷ್ಯ ನಿಮ್ಮ ಕಥೆಯಲ್ಲಿ ಇರಲಿ. ಎಂಟರಿಂದ ಒಂಬತ್ತರವರೆಗೆ ಎಲ್ಲಿದ್ದೆ ಎಂದು ಅವನನ್ನು ಯಾರೂ ಕೇಳಿಯೇ ಇರುವುದಿಲ್ಲ. ನಿಮ್ಮ ಫೌಜದಾರ ಒಂದು ದಿನ ಬೆಳಿಗ್ಗೆ ಆ ಗಲ್ಲಿಯಲ್ಲಿ ಸುಮ್ಮನೆ ನಿಂತು, ಬಿಸಿಲು ಗೋಡೆಗೆ ಯಾವಾಗ ತಾಗುತ್ತದೆ ಎಂದು ಕಿಸೆಗಡಿಯಾರ ತೆಗೆದು ನೋಡುವ ಗಳಿಗೆಯನ್ನು ಊಹಿಸಿಕೊಳ್ಳಿ. ಬಾಂಬಿನ ಸದ್ದು ಎಲ್ಲೂ ಇಲ್ಲ. ಆದರೂ ಯುದ್ಧ ಆ ಗೋಡೆಯ ಮೇಲೆ ಬಿದ್ದಿದೆ.

ನನ್ನ ಮಾತೆಲ್ಲ ಇಷ್ಟೇ. ಯುದ್ಧಕಾಲದ ಪತ್ತೇದಾರಿ ಕಥೆಯಲ್ಲಿ ಯುದ್ಧ ಹಿಂದಿನ ಪರದೆಯಾಗಿ ತೂಗಬಾರದು. ಅಪರಾಧ ನಡೆಯುವುದಕ್ಕೂ ಅದು ಸಿಕ್ಕಿಬೀಳುವುದಕ್ಕೂ ಅದೇ ಯಂತ್ರವಾಗಬೇಕು. ಅಧ್ಯಾಯಕ್ಕೊಮ್ಮೆ ಯಾರೋ ಪತ್ರಿಕೆ ಬಿಚ್ಚಿ ರಶಿಯಾದ ಸುದ್ದಿ ಗಟ್ಟಿಯಾಗಿ ಓದಿದರೆ ಯುದ್ಧ ಬಂದಂತಾಗುವುದಿಲ್ಲ.

ಯುರೋಪಿನ ನಿಜ ಪ್ರಕರಣಗಳಲ್ಲೇ ಇದು ಎಷ್ಟು ಸ್ಪಷ್ಟವಾಗಿದೆ ನೋಡಿ. 1942ರ ಫೆಬ್ರವರಿಯಲ್ಲಿ ಲಂಡನ್ನಿನ ಕತ್ತಲಲ್ಲಿ ಒಂದೇ ವಾರದೊಳಗೆ ನಾಲ್ವರು ಹೆಂಗಸರ ಕೊಲೆಯಾಯಿತು. ವಿಮಾನದಾಳಿಯ ಭಯಕ್ಕೆ ದೀಪ ಆರಿಸಿದ ಬೀದಿಗಳು ಕೊಲೆಗಾರನಿಗೆ ನೆರವಾದವು. ಅವನು ವಾಯುಪಡೆಯ ಗಾರ್ಡನ್ ಕಮಿನ್ಸ್. ತಪ್ಪಿಸಿಕೊಂಡ ಒಬ್ಬಳ ಬಳಿ ಅವನು ಬಿಟ್ಟೋಡಿದ ವಿಷಾನಿಲದ ಮುಖವಾಡದ ಚೀಲದ ಮೇಲೆ ಅವನದೇ ನಂಬರಿತ್ತು. ಯುದ್ಧದ ಕತ್ತಲು ಅವನನ್ನು ಮುಚ್ಚಿತು, ಯುದ್ಧದ ನಂಬರು ಅವನನ್ನು ಹಿಡಿದುಕೊಟ್ಟಿತು. ಪ್ಯಾರಿಸ್ಸಿನ ಡಾಕ್ಟರ್ ಪೆತಿಯೋ ಜರ್ಮನರಿಂದ ತಪ್ಪಿಸಿ ದೇಶ ದಾಟಿಸುತ್ತೇನೆಂದು ಹೆದರಿದ ಯಹೂದಿಗಳಿಂದ ಹಣ ಪಡೆದು ಕೊಂದುಹಾಕಿದ. ಕಾಣೆಯಾದವರನ್ನು ಯಾರೂ ಹುಡುಕುವುದಿಲ್ಲ, ಹುಡುಕುವವರಿಗೂ ಕೇಳಲು ಹೆದರಿಕೆ ಎನ್ನುವುದೇ ಅವನ ಬಂಡವಾಳವಾಗಿತ್ತು.

ಆದರೆ ನಿಮಗೆ ಹೆಚ್ಚು ಹತ್ತಿರವಾದದ್ದು ಹ್ಯಾರಿ ಡಾಬ್ಕಿನ್ನನ ಪ್ರಕರಣ. 1941ರಲ್ಲಿ ಅವನು ಹೆಂಡತಿ ರೇಚಲ್‌ಳನ್ನು ಕೊಂದು ಲಂಡನ್ನಿನ ಬಾಂಬು ಬಿದ್ದ ಪ್ರಾರ್ಥನಾ ಮಂದಿರವೊಂದರ ನೆಲದಡಿ ಹೂತ. ಮುಂದಿನ ವರ್ಷ ಅವಶೇಷ ತೆಗೆಯುವ ಕೂಲಿಗಳಿಗೆ ಅಸ್ಥಿಪಂಜರ ಸಿಕ್ಕಿತು. ಬಾಂಬಿಗೆ ಸತ್ತ ಇನ್ನೊಂದು ಜೀವ ಎಂದು ಬರೆದು ಮುಗಿಸಬಹುದಿತ್ತು. ಕೀತ್ ಸಿಂಪ್ಸನ್ ಎಂಬ ವೈದ್ಯರು ಹಾಗೆ ಮುಗಿಸಲಿಲ್ಲ. ದೇಹವನ್ನು ಯಾರೋ ಕಡಿದಿದ್ದಾರೆಂದು ಕಂಡುಕೊಂಡರು. ಹಲ್ಲಿನ ಡಾಕ್ಟರ ದಾಖಲೆಯಿಂದ ಅವಳು ಯಾರೆಂದು ಗೊತ್ತಾಯಿತು. ಡಾಬ್ಕಿನ್ನನನ್ನು ಗಲ್ಲಿಗೇರಿಸಿದ್ದು 1943ರ ಜನವರಿ 27ರಂದು, ನಿಮ್ಮ ಕಾದಂಬರಿಯ ತಿಂಗಳಲ್ಲೇ. ಸಾವಿರಾರು ಸಾವುಗಳ ನಡುವೆ ಒಂದು ಸಾವನ್ನು ಬಚ್ಚಿಡುವುದು ಅವನ ಉಪಾಯವಾಗಿತ್ತು. ಇಂಗ್ಲೆಂಡು ಮತ್ತು ವೇಲ್ಸಿನಲ್ಲಿ ಪೊಲೀಸರ ದಾಖಲೆಗೆ ಬಂದ ಅಪರಾಧಗಳು 1939ರಲ್ಲಿ ಸುಮಾರು 3 ಲಕ್ಷ ಇದ್ದದ್ದು 1945ಕ್ಕೆ 4 ಲಕ್ಷ 78 ಸಾವಿರಕ್ಕೆ ಏರಿತ್ತು. ದೇಶ ಒಗ್ಗಟ್ಟಾಗಿ ನಿಂತಿದೆ ಎಂದು ಎಲ್ಲರೂ ಹೇಳುತ್ತಿದ್ದ ವರ್ಷಗಳವು.

ಈಗ ಇದನ್ನೇ ನಮ್ಮ ಕಡೆ ತಿರುಗಿಸಿ. ನಮ್ಮಲ್ಲಿ ಬಾಂಬಿನ ಗುಂಡಿಗಳಿರಲಿಲ್ಲ. ಆದರೆ 1942ರ ಆಗಸ್ಟಿನಲ್ಲಿ ಚಲೇಜಾವ್ ಚಳವಳಿ ಶುರುವಾದ ನಂತರ ಬೆಳಗಾವಿ ಜಿಲ್ಲೆಯ ಹಳ್ಳಿಹಳ್ಳಿಗಳಲ್ಲಿ ಚಾವಡಿಗಳ ದಫ್ತರಕ್ಕೆ ಬೆಂಕಿ ಬಿತ್ತು, ತಂತಿಗಳು ತುಂಡಾದವು. ಅದನ್ನು ಮಾಡಿದವರು ಜೀವದ ಹಂಗು ತೊರೆದವರು, ಅವರ ಬಗ್ಗೆ ನನಗೆ ಇರುವುದು ಗೌರವವೇ. ಆದರೆ ಒಂದು ಮಾತು ಯೋಚಿಸಿ. ಚಾವಡಿಯಲ್ಲಿ ಇದ್ದದ್ದು ಬರೀ ಸರಕಾರದ ಕಾಗದವಲ್ಲ. ಯಾರ ಹೊಲ ಯಾರ ಹೆಸರಿಗಿದೆ ಎನ್ನುವ ಉತಾರೂ ಅಲ್ಲೇ ಇತ್ತು. ವಿಧವೆಯೊಬ್ಬಳ ನಾಲ್ಕು ಕೂರಿಗೆ ಹೊಲ ನುಂಗಿದ ಮನುಷ್ಯನಿಗೆ ಆ ಆಗಸ್ಟು ದೇವರು ಕೊಟ್ಟ ವರದಂತೆ ಕಂಡಿರಲಾರದೇ? ಒಂದು ಕಡ್ಡಿ ಗೀರಿ, "ವಂದೇ ಮಾತರಂ" ಎಂದು ಕೂಗಿದರೆ ಸಾಕು, ಮರುದಿನ ಪೊಲೀಸರು ಹಿಡಿಯುವುದು ಖಾದಿ ಉಟ್ಟ ಹುಡುಗರನ್ನು. ಸರಕಾರ ಊರಿಗೆಲ್ಲ ಸಾಮೂಹಿಕ ದಂಡ ಹಾಕಲು ಅದೇ ವರ್ಷ ಸುಗ್ರೀವಾಜ್ಞೆ ತಂದಿತ್ತು. ದಂಡವನ್ನು ಆ ವಿಧವೆಯೂ ಕಟ್ಟಬೇಕು. ಡಾಬ್ಕಿನ್ ಬಾಂಬಿನ ಗುಂಡಿಯಲ್ಲಿ ಬಚ್ಚಿಟ್ಟದ್ದನ್ನು ನಮ್ಮವನು ಚಳವಳಿಯ ಬೆಂಕಿಯಲ್ಲಿ ಬಚ್ಚಿಡುತ್ತಾನೆ. ನಿಮ್ಮ ಗುಮಾಸ್ತ ಆ ಹಳ್ಳಿಯವನಾಗಿದ್ದು, ಸುಟ್ಟುಹೋಯಿತೆಂದುಕೊಂಡ ಕಾಗದದ ನಕಲು ಎಲ್ಲಿದೆಯೆಂದು ಅವನೊಬ್ಬನಿಗೇ ಗೊತ್ತಿದ್ದರೆ, ಆ ಕೊಲೆಗೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಕಾಳಿನ ಅಂಗಡಿಯನ್ನು ಆರಿಸಿಕೊಂಡದ್ದು ನಿಮ್ಮ ಒಳ್ಳೆಯ ನಿರ್ಧಾರ. 1942ರ ಮಾರ್ಚಿನಲ್ಲಿ ರಂಗೂನು ಬಿತ್ತು. ಅದರೊಂದಿಗೆ ಬರ್ಮಾದ ಅಕ್ಕಿಯೂ ಚಿಮಣಿ ಎಣ್ಣೆಯೂ ನಿಂತವು. 1942-43ರಲ್ಲಿ ಬಿಜಾಪುರ ಜಿಲ್ಲೆಗೆ ಬರ ಬಂತು. ಆಗ ಬಾಗಲಕೋಟೆಯೂ ಅದೇ ಜಿಲ್ಲೆಯೊಳಗಿತ್ತು. ಜೋಳದ ನಾಡಿನಲ್ಲೇ ಜೋಳವಿಲ್ಲದ ವರ್ಷ ಅದು. ಸಗಟು ವ್ಯಾಪಾರಕ್ಕೆ ಪರವಾನಗಿ ಬೇಕೆಂಬ ನಿಯಮ 1942ರಲ್ಲೇ ಬಂದಿತ್ತು. ಹೀಗಿರುವಾಗ ಒಂದು ಚೀಲ ಜೋಳ ಎಲ್ಲಿದೆ ಎನ್ನುವುದು ಒಂದು ಗುಟ್ಟು, ಗುಟ್ಟಿಗೆ ಬೆಲೆ ಉಂಟು. ದೇಶದ ಸಗಟು ದರಗಳು ನಾಲ್ಕೇ ವರ್ಷದಲ್ಲಿ ಎರಡು ಪಟ್ಟು ದಾಟಿದ್ದವು. ಎರಡು ಕಿರ್ದಿ ಇಟ್ಟಿರುವ ವ್ಯಾಪಾರಿ, ಎರಡನ್ನೂ ತನ್ನ ಕೈಯಾರೆ ಬರೆದ ಗುಮಾಸ್ತ: ಇಬ್ಬರಲ್ಲಿ ಯಾರು ಯಾರಿಗೆ ಹೆದರಬೇಕು? ಆ ಕಿರ್ದಿ ಮೋಡಿಯಲ್ಲಿರಲಿ, ಮರಾಠಿ ಬರೆಯುತ್ತಿದ್ದ ಹಳೆಯ ಕೂಡು ಲಿಪಿಯಲ್ಲಿ. ಆ ಕಾಲದ ಬೆಳಗಾವಿ ಪೇಟೆಯ ಲೆಕ್ಕಗಳಲ್ಲಿ ಮೋಡಿ ಸಾಮಾನ್ಯವಾಗಿತ್ತು. ಕನ್ನಡ ಶಾಲೆಯಲ್ಲಿ ಕಲಿತು ಬಂದ ಫೌಜದಾರ ಅದನ್ನು ಓದಿಸಲು ಇನ್ನೊಬ್ಬರ ಬಳಿ ಹೋಗಬೇಕು. ಆ ಇನ್ನೊಬ್ಬರು ಓದಿ ಹೇಳಿದ್ದೆಲ್ಲ ನಿಜವೇ ಎನ್ನುವುದು ನಿಮ್ಮ ಕೈಯಲ್ಲಿದೆ.

ಇಲ್ಲೊಂದು ತಿದ್ದುಪಡಿ ಹೇಳಿಬಿಡುತ್ತೇನೆ. ಜನವರಿ 1943ಕ್ಕೆ ನಿಮ್ಮ ಪಾತ್ರಗಳ ಕೈಯಲ್ಲಿ ರೇಶನ್ ಕಾರ್ಡು ಕೊಟ್ಟಿದ್ದರೆ ತೆಗೆದುಬಿಡಿ. ಮುಂಬಯಿ ಶಹರಕ್ಕೇ ರೇಶನ್ ಬಂದದ್ದು 1943ರ ಮೇ 2ರಂದು. ಕಂಟ್ರೋಲ್ ಅರಿವಿಯೂ ಆಮೇಲಿನದು, ಹತ್ತಿಬಟ್ಟೆ ಮತ್ತು ನೂಲಿನ ನಿಯಂತ್ರಣದ ಆಜ್ಞೆ ಹೊರಟದ್ದು ಆ ವರ್ಷದ ಜೂನಿನಲ್ಲಿ. ಜನವರಿಯಲ್ಲಿ ಇದ್ದದ್ದು ಮುಚ್ಚಿದ ಅಂಗಡಿ ಬಾಗಿಲು, "ಕಾಳು ಬಂದಿಲ್ರಿ" ಎನ್ನುವ ಮಾತು, ಹಿಂಬಾಗಿಲಲ್ಲಿ ಬೇರೆ ದರ. ನಿಮ್ಮ ಕಥೆಗೆ ಇದು ಇನ್ನೂ ಒಳ್ಳೆಯದು. ಕಾರ್ಡು ಬಂದ ಮೇಲೆ ಕಳ್ಳತನಕ್ಕೂ ಒಂದು ಶಿಸ್ತು ಬರುತ್ತದೆ. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ಎಲ್ಲವೂ ಮುಖ ನೋಡಿ ನಡೆಯುತ್ತಿತ್ತು.

ದುಡ್ಡಿನ ಕಡೆಗೂ ಗಮನ ಕೊಡಿ. ಯುದ್ಧ ನಮ್ಮ ಜನರ ಗಂಟಿನೊಳಗೆ ಕೈ ಹಾಕಿದ್ದು ಅಲ್ಲಿಂದಲೇ. ಹಳೆಯ ರೂಪಾಯಿ ಸರಿಯಾಗಿ ಒಂದು ತೊಲೆ ತೂಗುತ್ತಿತ್ತು, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. 1940ರಲ್ಲಿ ಸರಕಾರ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು, ಒಂದು ರೂಪಾಯಿಯ ಕಾಗದದ ನೋಟನ್ನೂ ಹೊರಡಿಸಿತು. ವಿಕ್ಟೋರಿಯಾ ರಾಣಿಯ ರೂಪಾಯಿ 1941ರ ಮಾರ್ಚಿನ ಕೊನೆಗೆ ಚಲಾವಣೆಯಿಂದ ಹೋಯಿತು. ಆದರೆ ಕೊಪ್ಪರಿಗೆಯಲ್ಲಿ ರಾಣಿ ಛಾಪಿನ ರೂಪಾಯಿ ಹೂತಿಟ್ಟ ಅಜ್ಜಿಗೆ ಅದನ್ನು ಯಾರು ಹೇಳಿದರು? ದುಡ್ಡೆಂದು ಅದಕ್ಕೆ ಬೆಲೆ ಇಲ್ಲ, ಬೆಳ್ಳಿಯೆಂದು ಉಂಟು. ಅದನ್ನು ಕರಗಿಸಿಕೊಡುವ ಅಕ್ಕಸಾಲಿಗ ಬೇಕು, ಬಾಯಿ ಬಿಡದವನು ಬೇಕು. ಒಂದು ಕೊಲೆಗೆ ಇಷ್ಟು ಸಾಕು. 1942-43ರ ಸುಮಾರಿಗೆ ಚಿಲ್ಲರೆಯ ಅಭಾವ ಎಷ್ಟಿತ್ತೆಂದರೆ 1943ರಲ್ಲಿ ತಾಮ್ರ ಉಳಿಸಲು ನಡುವೆ ದೊಡ್ಡ ತೂತಿರುವ ಒಂದು ಪೈಸೆ ಹೊರಡಿಸಿದರು. ಅದನ್ನು ಜನವರಿಯ ಹೆಣದ ಕಿಸೆಯಲ್ಲಿ ಇಡಬೇಡಿ, ಹೊಸದು ಅದು.

ಅಕ್ಕಸಾಲಿಗ ಎಂದೊಡನೆ ನಿಮಗೂ ಶಹಾಪುರ ನೆನಪಾಗಿರಬೇಕು. ಈ ಊರಿನಲ್ಲಿ ಕೂತು ಪತ್ತೇದಾರಿ ಕಥೆ ಬರೆಯುವವರು ಶಹಾಪುರವನ್ನು ಬಿಡುವುದು ನನಗೆ ಅರ್ಥವಾಗದ ಸಂಗತಿ. ಇವತ್ತು ಬೆಳಗಾವಿಯಿಂದ ಶಹಾಪುರಕ್ಕೆ ಹೋಗುವಾಗ ಊರು ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು ಎಂದು ಯಾರಿಗೂ ತಿಳಿಯುವುದಿಲ್ಲ. 1943ರಲ್ಲಿ ಅದು ಸಾಂಗ್ಲಿ ಸಂಸ್ಥಾನದ ಊರು. ಬೆಳಗಾವಿ ಮುಂಬಯಿ ಪ್ರಾಂತದ್ದು, ಬ್ರಿಟಿಷ್ ಕಾನೂನು. ನಾಲ್ಕು ಹೆಜ್ಜೆ ದಾಟಿದರೆ ಪಟವರ್ಧನರ ರಾಜ್ಯ, ಬೇರೆ ಪೊಲೀಸು, ಬೇರೆ ನ್ಯಾಯಾಧೀಶ. ಬೆಳಗಾವಿಯ ವಾರಂಟು ಹಿಡಿದುಕೊಂಡು ಫೌಜದಾರ ಅಲ್ಲಿಗೆ ಸುಮ್ಮನೆ ನುಗ್ಗುವಂತಿಲ್ಲ, ಸಂಸ್ಥಾನದ ಅಧಿಕಾರಿಗಳ ಮೂಲಕ ಕಾಗದ ಓಡಬೇಕು. ಕಾಗದ ಓಡುವಷ್ಟರಲ್ಲಿ ಬೆಳ್ಳಿ ಕರಗಿರುತ್ತದೆ. ಚಿನ್ನ ಬೆಳ್ಳಿಯ ಪೇಟೆಗೂ ಸೀರೆಗೂ ಹೆಸರಾದ ಊರು ಅದು. ಸಂಶಯಿತ ಮನುಷ್ಯ ಗಡಿಯ ಆಚೆ ಚಹಾದಂಗಡಿಯ ಬಾಕಿನ ಮೇಲೆ ಕೂತು, ಈಚೆ ನಿಂತ ಫೌಜದಾರನನ್ನು ನೋಡುತ್ತ ಬೆಲ್ಲದ ಚಹಾ ಕುಡಿಯುವ ಒಂದು ದೃಶ್ಯವನ್ನು ನೀವು ಬರೆಯದಿದ್ದರೆ ನನಗೆ ಬೇಸರವಾಗುತ್ತದೆ. ನಮ್ಮ ಸುತ್ತ ಇಂಥವೇ ಎಷ್ಟು! ರಾಮದುರ್ಗ, ಮುಧೋಳ, ಜಮಖಂಡಿ, ಕೊಲ್ಲಾಪುರ, ಒಂದೊಂದೂ ಒಂದೊಂದು ರಾಜ್ಯ. 1948-49ರಲ್ಲಿ ವಿಲೀನವಾಗುವವರೆಗೆ ಈ ಗಡಿಗಳು ಕಳ್ಳನಿಗೂ ಆಸರೆ, ಭೂಗತ ದೇಶಭಕ್ತನಿಗೂ ಆಸರೆ. ಒಂದೇ ಹೊಲದ ಬದುವಿನಲ್ಲಿ ಅವರಿಬ್ಬರೂ ಒಂದು ರಾತ್ರಿ ಮುಖಾಮುಖಿಯಾಗಬಹುದು.

ಪಶ್ಚಿಮಕ್ಕೆ ಗೋವೆಯಂತೂ ಪರದೇಶವೇ. ಲೋಂಡಾ ದಾಟಿ ಕ್ಯಾಸಲ್ ರಾಕ್‌ಗೆ ಹೋದರೆ ಆಚೆ ಪೋರ್ಚುಗಲ್, ಯುದ್ಧದಲ್ಲಿ ಯಾರ ಪಕ್ಷವನ್ನೂ ಹಿಡಿಯದ ದೇಶ. ಮುರಗಾಂವ್ ಬಂದರಿನಲ್ಲಿ ಮೂರು ಜರ್ಮನ್ ಹಡಗು, ಒಂದು ಇಟಾಲಿಯನ್ ಹಡಗು ಸಿಕ್ಕಿಕೊಂಡಿದ್ದವು. 1943ರ ಮಾರ್ಚ್ 9ರ ರಾತ್ರಿ ಕಲಕತ್ತೆಯ ಕೆಲವು ಇಂಗ್ಲಿಷ್ ವ್ಯಾಪಾರಸ್ಥರು, ವಯಸ್ಸಾದ ಹವ್ಯಾಸಿ ಸೈನಿಕರು, ದೋಣಿಯಲ್ಲಿ ಬಂದು ಅವುಗಳ ಮೇಲೆ ದಾಳಿ ಮಾಡಿದರು. ನಾಲ್ಕೂ ಹಡಗು ಮುಳುಗಿದವು. ನಿಮ್ಮ ಜನವರಿಯಲ್ಲಿ ಅವು ಇನ್ನೂ ತೇಲುತ್ತಿದ್ದವು. ಇದನ್ನು ಕೇಳಿ ನಿಮಗೆ ಗೂಢಚಾರರನ್ನು ತರುವ ಆಸೆಯಾಗಬಹುದು. ದಯವಿಟ್ಟು ಬೇಡ. ಜರ್ಮನ್ ಗೂಢಚಾರ ಬಂದ ಕೂಡಲೇ ನಿಮ್ಮ ಗುಮಾಸ್ತ ಮೂಲೆಗೆ ಹೋಗುತ್ತಾನೆ. ಗೋವೆಯಿಂದ ಕಳ್ಳದಾರಿಯಲ್ಲಿ ಬರುವ ಒಂದು ಡಬ್ಬಿ ಕ್ವಿನೈನ್ ಸಾಕು. 1942ರಲ್ಲಿ ಜಾವಾ ಜಪಾನಿನ ಕೈಗೆ ಹೋಯಿತು, ಜಗತ್ತಿನ ಕ್ವಿನೈನಿನ ಬಹುಪಾಲು ಬರುತ್ತಿದ್ದದ್ದು ಅಲ್ಲಿಂದ. ಖಾನಾಪುರದ ಕಾಡಿನಂಚಿನ ಹಳ್ಳಿಯಲ್ಲಿ ಚಳಿಜ್ವರದ ಮಗುವಿಗೆ ಸುಣ್ಣ ಬೆರೆತ ಗುಳಿಗೆ ಮಾರಿದವನು ಕೊಲೆಗಾರನೋ ಅಲ್ಲವೋ? ಕಾನೂನಿನ ಪುಸ್ತಕದಲ್ಲಿ ಅದಕ್ಕೆ ಸಣ್ಣ ಶಿಕ್ಷೆ ಇರಬಹುದು. ನಿಮ್ಮ ಫೌಜದಾರನ ಮನಸ್ಸಿನಲ್ಲಿ?

ಅಲ್ಲಿಂದ ನಿಮ್ಮ ಮೂರನೇ ಪ್ರಶ್ನೆಗೆ ಬರುತ್ತೇನೆ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ.

ಗೆಳತಿಯ ಸಲಹೆಯನ್ನು ಕೇಳಬೇಡಿ. ಒಳಗೊಳಗೇ ದೇಶಭಕ್ತನಾದ ಪೊಲೀಸನನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಹಗಲು ಲಾಠಿ ಹಿಡಿಯುತ್ತಾನೆ, ರಾತ್ರಿ ಭೂಗತರಿಗೆ ರೊಟ್ಟಿ ಕೊಡುತ್ತಾನೆ, ಕೊನೆಗೆ ಕೆಲಸ ಬಿಟ್ಟು ಜೈಕಾರ ಹಾಕುತ್ತಾನೆ. ಅವನನ್ನು ಮೆಚ್ಚುವುದು ಓದುಗನಿಗೆ ಸುಲಭ, ಸುಲಭವಾದ್ದರಿಂದಲೇ ನೆನಪಿನಲ್ಲಿ ಉಳಿಯುವುದಿಲ್ಲ. 1942-43ರಲ್ಲಿ ಕೆಲಸದಲ್ಲಿ ಮುಂದುವರಿದ ಸಾವಿರಾರು ಫೌಜದಾರರು, ಹವಾಲ್ದಾರರು ಇದ್ದರು. ಅವರಿಗೂ ಹೆಂಡತಿ ಮಕ್ಕಳಿದ್ದರು, ಅವರ ತಮ್ಮಂದಿರಲ್ಲಿ ಕೆಲವರು ಹಿಂಡಲಗಾ ಜೈಲಿನೊಳಗಿದ್ದರು. ಆ ಮನುಷ್ಯನನ್ನು ಇದ್ದ ಹಾಗೆ ಬರೆಯಿರಿ.

ಅವನ ಗೌರವ ಎಲ್ಲಿಂದ ಬರಬೇಕು? ಅವನ ಕೈಯಲ್ಲಿ ಆಗ ಎಂಥ ಅಧಿಕಾರವಿತ್ತು ಎನ್ನುವುದನ್ನು ನೋಡಿ. ಭಾರತ ರಕ್ಷಣಾ ನಿಯಮಗಳ 26ನೆಯ ನಿಯಮದಡಿ ಸಾಕ್ಷಿ ಇಲ್ಲದೆ, ವಿಚಾರಣೆ ಇಲ್ಲದೆ ಸರಕಾರ ಮನುಷ್ಯನನ್ನು ಒಳಗೆ ಹಾಕಿಡಬಹುದಿತ್ತು. 1943ರ ಏಪ್ರಿಲ್‌ನಲ್ಲಿ ಕೇಶವ ತಳಪದೆ ಪ್ರಕರಣದಲ್ಲಿ ಫೆಡರಲ್ ಕೋರ್ಟು ಆ ನಿಯಮ ಕಾನೂನಿಗೆ ಮೀರಿದ್ದೆಂದು ತೀರ್ಪು ಕೊಟ್ಟಿತು. ಸರಕಾರ ಕೂಡಲೇ ಸುಗ್ರೀವಾಜ್ಞೆ ತಂದು ಅದನ್ನು ಮತ್ತೆ ನಿಲ್ಲಿಸಿಕೊಂಡಿತು. ಅಂಥ ಹೊತ್ತಿನಲ್ಲಿ ಮೇಲಿನವರು ಫೌಜದಾರನಿಗೆ ಏನು ಹೇಳುತ್ತಾರೆ? "ಗುಮಾಸ್ತನ ಕೊಲಿ ಆ ಚಳವಳಿ ಹುಡುಗರ ಮ್ಯಾಲೆ ಹಾಕ್ರಿ. ಹೆಂಗೂ ಒಳಗ ಅದಾರ." ಒಂದು ಸಹಿಯಲ್ಲಿ ಪ್ರಕರಣ ಮುಗಿಯುತ್ತದೆ. ನಿಮ್ಮವನು ಆ ಸಹಿ ಹಾಕುವುದಿಲ್ಲ. ಅವನು ಪಂಚನಾಮೆ ಸರಿಯಾಗಿ ಮಾಡುತ್ತಾನೆ, ಪಂಚರನ್ನು ತನಗೆ ಬೇಕಾದವರನ್ನೇ ಆರಿಸಿಕೊಳ್ಳುವುದಿಲ್ಲ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದಿಲ್ಲ ಎನ್ನುವ 1872ರ ಸಾಕ್ಷ್ಯ ಕಾಯಿದೆಯನ್ನು ಅವನು ಅಡ್ಡಿಯೆಂದು ಬೈಯುವುದಿಲ್ಲ, ಅದಕ್ಕೆ ತಲೆ ಬಾಗುತ್ತಾನೆ. ಸಾಕ್ಷಿ ಬೇಡವಾದ ಕಾಲದಲ್ಲಿ ಸಾಕ್ಷಿ ಹುಡುಕುವುದು, ಅದಕ್ಕೇ ಅವನು ಬೆಲೆ ತೆರಬೇಕು. ಬಡ್ತಿ ಹೋಗಲಿ, ಬಿಜಾಪುರದ ಬರದ ಊರಿಗೆ ವರ್ಗವಾಗಲಿ. ಇಷ್ಟೆಲ್ಲ ಆದ ಮೇಲೂ ಒಂದು ಬೆಳಿಗ್ಗೆ ಪ್ರಭಾತಫೇರಿಯ ಹುಡುಗನೊಬ್ಬ ಅವನ ಮನೆ ಬಾಗಿಲಿಗೆ ಸಗಣಿ ಎರಚಲಿ. ಆ ಹುಡುಗ ತಪ್ಪು ಮಾಡಲಿಲ್ಲ, ಫೌಜದಾರನೂ ತಪ್ಪು ಮಾಡಲಿಲ್ಲ. ಓದುಗ ಇಬ್ಬರನ್ನೂ ಹೊತ್ತುಕೊಂಡು ಮುಂದಿನ ಪುಟಕ್ಕೆ ಹೋಗಬೇಕು.

ಇನ್ನೊಂದು ಪರೀಕ್ಷೆಯನ್ನೂ ಅವನಿಗೆ ಒಡ್ಡಿ. ಬೆಳ್ಳಿ, ನಾಣ್ಯ ಎಂದೊಡನೆ ಆ ಕಾಲದ ಪೊಲೀಸರು ಮೊದಲು ಹುಡುಕುತ್ತಿದ್ದದ್ದು ಬಿಜಾಪುರ ಕಡೆಯ ಛಪ್ಪರಬಂದರನ್ನು. ಖೊಟ್ಟಿ ನಾಣ್ಯ ಮಾಡುವವರು ಎಂದು ಇಡೀ ಸಮಾಜಕ್ಕೇ ಇಂಗ್ಲಿಷರ ದಫ್ತರ ಮುದ್ರೆ ಒತ್ತಿತ್ತು. ಕ್ರಿಮಿನಲ್ ಟ್ರೈಬ್ಸ್ ಕಾಯಿದೆಯಡಿ ಹುಟ್ಟಿದ ಮಗುವೂ ಅಪರಾಧಿ. ಬಿಜಾಪುರದಲ್ಲೂ ಹುಬ್ಬಳ್ಳಿಯಲ್ಲೂ ಅಂಥವರನ್ನು ಕೂಡಿಡುವ ಸೆಟ್ಲಮೆಂಟುಗಳಿದ್ದವು, ಒಳಗಿನವರು ಹಾಜರಿ ಕೊಡಬೇಕಾಗಿತ್ತು. ಹುಬ್ಬಳ್ಳಿಯಲ್ಲಿ ಆ ಜಾಗವನ್ನು ಜನ ಈಗಲೂ ಸೆಟ್ಲಮೆಂಟ್ ಎಂದೇ ಕರೆಯುತ್ತಾರೆ. ದೇಶದಲ್ಲಿ ಆ ಕಾಯಿದೆ ಪೂರ್ತಿ ಹೋದದ್ದು 1952ರಲ್ಲಿ. ಕಾದಂಬರಿಕಾರರು ಅವರನ್ನು ಕಳ್ಳರೆಂದೇ ಬರೆದು ಆ ಅನ್ಯಾಯವನ್ನು ಇನ್ನೊಮ್ಮೆ ಮಾಡಬಾರದು. ಫೌಜದಾರನ ಕೈಗೆ ಅಂಥ ಒಬ್ಬ ಮುಗ್ಧ ಸಿಕ್ಕಿಬೀಳಲಿ, ಫೌಜದಾರನೇ ಮೊದಲು ತಪ್ಪು ಮಾಡಲಿ, ಒಂದು ರಾತ್ರಿ ಅವನನ್ನು ಲಾಕಪ್ಪಿನಲ್ಲಿ ಕೂಡಿಸಲಿ. ಆ ತಪ್ಪಿನ ಭಾರ ಕೊನೆಯವರೆಗೂ ಅವನ ಹೆಗಲಿನ ಮೇಲಿರಲಿ.

ತನಿಖೆಯ ನಡಿಗೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ವಿಷದ ಅನುಮಾನವಿದ್ದರೆ ಹೊಟ್ಟೆಯ ಭಾಗಗಳನ್ನು ಮುಂಬಯಿಯ ಸರಕಾರಿ ರಸಾಯನ ಪರೀಕ್ಷಕರಿಗೆ ರೈಲಿನಲ್ಲಿ ಕಳಿಸಿ, ವರದಿಗೆ ದಾರಿ ಕಾಯಬೇಕು. ಈ ಕಾಯುವಿಕೆ ನಿಮಗೆ ಅನುಕೂಲ, ಅಷ್ಟರಲ್ಲಿ ಫೌಜದಾರ ಜನರೊಂದಿಗೆ ಮಾತಾಡಲೇಬೇಕು. ಅವನಿಗೆ ಜೀಪು ಕೊಡಬೇಡಿ, ಸೈಕಲ್ ಕೊಡಿ. ಪೆಟ್ರೋಲಿಗೆ 1941ರಿಂದಲೇ ರೇಶನ್ ಇತ್ತು, ಬಸ್ಸುಗಳು ಬೆನ್ನಿಗೆ ಇದ್ದಿಲಿನ ಗ್ಯಾಸ್ ಒಲೆ ಕಟ್ಟಿಕೊಂಡು ಏದುಸಿರು ಬಿಡುತ್ತಿದ್ದವು. ಡಾಕ್ಟರ ಕೈಗೆ ಪೆನಿಸಿಲಿನ್ ಕೊಡಬೇಡಿ. ತೂಕ ಸೇರು, ಮಣ. ಹಣ ರೂಪಾಯಿ, ಆಣೆ, ಪೈ.

ಪಲಟಣವನ್ನು ಮರೆಯಬೇಡಿ. ಬೆಳಗಾವಿಯ ಯುದ್ಧವೆಂದರೆ ಅರ್ಧ ಅದೇ. ಮರಾಠಾ ರೆಜಿಮೆಂಟಿನ ತರಬೇತಿ ಕೇಂದ್ರ ಇಲ್ಲಿದೆ, ಯುದ್ಧಕಾಲದಲ್ಲಿ ಅಧಿಕಾರಿಗಳನ್ನು ತಯಾರಿಸುವ ಶಾಲೆಯೂ ಇಲ್ಲಿತ್ತು. 1939ರಲ್ಲಿ ಸುಮಾರು 2 ಲಕ್ಷವಿದ್ದ ಹಿಂದುಸ್ತಾನದ ಸೈನ್ಯ ಯುದ್ಧ ಮುಗಿಯುವಷ್ಟರಲ್ಲಿ 25 ಲಕ್ಷವಾಗಿತ್ತು. ಪ್ರತಿಯೊಬ್ಬನ ಹಿಂದೆಯೂ ಮನಿ ಆರ್ಡರಿನ ದಾರಿ ಕಾಯುವ ಒಂದು ಮನೆ. ಆ ಮನಿ ಆರ್ಡರು ತರುವ ಪೋಸ್ಟಮನ್, ಅಕ್ಷರ ಬಾರದ ಹೆಂಡತಿಗೆ ಸೆನ್ಸಾರಾದ ಪತ್ರ ಓದಿ ಹೇಳುವ ನೆರೆಮನೆಯವ, ಗಂಡ ಕಾಣೆಯಾಗಿದ್ದಾನೆಂಬ ತಂತಿಯನ್ನು ತಡೆಹಿಡಿದು ಹಣ ತಿನ್ನುವ ಮೈದುನ: ಕ್ಯಾಂಪಿನ ಇಂಗ್ಲಿಷ್ ಮೇಜರನಿಗಿಂತ ಇವರೇ ನಿಮ್ಮ ಪಾತ್ರಗಳು. ನಿಮ್ಮ ಕರಡಿನಲ್ಲಿ ಮೇಜರನಿಗೆ ಹದಿನೈದು ಪುಟ ಕೊಟ್ಟಿದ್ದರೆ ಹತ್ತನ್ನು ಪೋಸ್ಟಮನ್ನನಿಗೆ ಬಿಟ್ಟುಕೊಡಿ.

ಇವುಗಳನ್ನೆಲ್ಲ ಎಲ್ಲಿ ಹುಡುಕುವುದು ಎಂದು ನೀವು ಕೇಳುತ್ತೀರಿ. ಬೆಳಗಾವಿ ಆಗ ಮುಂಬಯಿ ಪ್ರಾಂತದಲ್ಲಿದ್ದುದರಿಂದ ಮೇಲಿನ ಕಾಗದಗಳು ಬೆಂಗಳೂರಿಗಿಂತ ಮುಂಬಯಿಯ ಪತ್ರಾಗಾರದಲ್ಲಿ ಹೆಚ್ಚು ಸಿಗುತ್ತವೆ. ಚಿತ್ರಭಾನು ಸಂವತ್ಸರದ ಪಂಚಾಂಗ ಎಲ್ಲಾದರೂ ಸಿಕ್ಕರೆ ಬಿಡಬೇಡಿ. ಕೊಲೆಯ ರಾತ್ರಿ ಬೆಳದಿಂಗಳೋ ಕತ್ತಲೋ ಎನ್ನುವುದನ್ನು ಅದು ಹೇಳುತ್ತದೆ, ಚಿಮಣಿ ಎಣ್ಣೆ ಇಲ್ಲದ ಊರಲ್ಲಿ ಚಂದ್ರನೇ ಸಾಕ್ಷಿ. ಬೈಲಹೊಂಗಲದಲ್ಲಿ ತೊಂಬತ್ತು ದಾಟಿದ ಅಜ್ಜ ಅಜ್ಜಿಯರಿದ್ದರೆ ಅವರ ಹತ್ತಿರ ಕೂಡ್ರಿ. ಯುದ್ಧದ ಬಗ್ಗೆ ಕೇಳಬೇಡಿ, ಶಾಲೆಯಲ್ಲಿ ಕಲಿತದ್ದನ್ನೇ ಹೇಳುತ್ತಾರೆ. ಆಗ ಯಾವ ರೊಟ್ಟಿ ತಿಂತಿದ್ರಿ, ದೀಪಕ್ಕ ಏನು ಹಾಕ್ತಿದ್ರಿ, ಚಹಾಕ್ಕ ಸಕ್ರಿ ಇತ್ತೇನ್ರಿ, ಅಪ್ಪ ಯಾಕ ಆ ವರ್ಷ ಎತ್ತು ಮಾರಿದ ಅಂತ ಕೇಳಿ. ನನಗೆ ಒಬ್ಬ ಅಜ್ಜಿ ಅರ್ಧ ತಾಸು ಏನೂ ನೆನಪಿಲ್ಲ ಎಂದವಳು, ಜೋಳದ ಹಗೇವಿನ ಮಾತು ತೆಗೆದ ಕೂಡಲೇ ತನ್ನ ಮನೆಯ ಹಗೇವಿನ ಬಾಯನ್ನು ಯಾವ ಕಲ್ಲಿನಿಂದ ಮುಚ್ಚಿ ಮೇಲೆ ತಿಪ್ಪೆ ಸುರಿದಿದ್ದರು ಎಂದು ಕೈ ಮಾಡಿ ತೋರಿಸಿದಳು. ಹಗೇವು ನೆಲದಡಿಯ ಕೋಣೆ, ಬಾಯಿ ಮುಚ್ಚಿದರೆ ಒಳಗೆ ಇಳಿದವನಿಗೆ ಉಸಿರಿಲ್ಲ. ನಿಮ್ಮ ಗುಮಾಸ್ತ ಸತ್ತದ್ದು ನಿಜವಾಗಿಯೂ ಗಲ್ಲಿಯಲ್ಲೇ ಎಂದು ಒಮ್ಮೆ ಯೋಚಿಸಿ ನೋಡಿ.

ಉಳಿದದ್ದು ನಿಮ್ಮ ಎರಡನೇ ಪ್ರಶ್ನೆ, ಲಕ್ಷಗಟ್ಟಲೆ ಸಾವಿನ ನಡುವೆ ಒಂದು ಸಾವು. ಇದನ್ನು ನಿಮ್ಮ ಪಾತ್ರಗಳೇ ಫೌಜದಾರನಿಗೆ ಕೇಳಲಿ. "ಅಲ್ರೀ ಸಾಹೇಬ್ರ, ಜಗತ್ತೆಲ್ಲ ಹೊತ್ತಿ ಉರಿಯಾಕತ್ತೈತಿ, ನೀವು ಒಬ್ಬ ಗುಮಾಸ್ತನ ಹೆಣಾ ಹಿಡಕೊಂಡು ಕುಂತೀರಲ್ಲ" ಎಂದು ವ್ಯಾಪಾರಿ ಹೇಳಲಿ, ಮಾಮಲೇದಾರ ಹೇಳಲಿ, ಫೌಜದಾರನ ಹೆಂಡತಿಯೂ ಹೇಳಲಿ. ಅವನು ಭಾಷಣ ಮಾಡಿ ಉತ್ತರಿಸಬಾರದು. ಉತ್ತರ ಕೊನೆಯ ಅಧ್ಯಾಯದಲ್ಲಿ ಬೇರೆಯವರ ಬಾಯಿಂದ ಬರಲಿ. ತಿಂಗಳುಗಳು ಕಳೆದಿವೆ, ನಮ್ಮೂರಿಗೂ ರೇಶನ್ ಬಂದಿದೆ, ಮನೆಮನೆಗೆ ಹೋಗಿ ತಲೆ ಎಣಿಸುವ ಗುಮಾಸ್ತನೊಬ್ಬ ಸತ್ತವನ ಮನೆಯ ಕಟ್ಟೆಯ ಮೇಲೆ ಕೂತು, ಪೆನ್ಸಿಲ್ ನಾಲಿಗೆಗೆ ಮುಟ್ಟಿಸಿ ಕೇಳುತ್ತಾನೆ: "ಮನಿಯಾಗ ಎಷ್ಟು ಮಂದಿ ಅದೀರವಾ?" ಆಕೆ "ನಾಲ್ಕು" ಎನ್ನುತ್ತಾಳೆ. ಮಗಳು ಅವ್ವನ ಸೆರಗು ಜಗ್ಗುತ್ತಾಳೆ. ಅವನು ಬರೆದದ್ದನ್ನು ಹೊಡೆದುಹಾಕಿ, ಮೂರು ಎಂದು ಬರೆಯುತ್ತಾನೆ.